ಪ್ರಿಂಟರಿನ ವಿಷಯಕ್ಕೆ ಮಾತ್ರ

ಬೆಳಕವಾಡಿ
೧೧ ಆಗಸ್ಟ್ ೨೦೨೫

ಅಪ್ಪನಿಗೆ,

ರಂಜಿತ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಈ ಕಾಗದಕ್ಕೆ ನಿನ್ನ ಅಳಿಯನ ಒಪ್ಪಿಗೆಯೂ ಇದೆ. "ಪ್ರಿಂಟ್ರು ವಿಸ್ಯ ಎಷ್ಟ್ ಬೇಕಾದ್ರೂ ಬರ್ಕೊ. ಬ್ಯಾರೆ ಏನೂ ಬ್ಯಾಡ" ಅಂದಿದ್ದಾರೆ. ಬರೆದು ಮುಗಿಸಿದ ಮೇಲೆ ಅವರೇ ಓದಿ, ಅವರೇ ಕವರಿಗೆ ಅಂಟು ಹಚ್ಚುತ್ತಾರೆ. ಆದ್ದರಿಂದ ನಿನ್ನ ಕಾಲು ಹೇಗಿದೆ ಎಂದು ನಾನು ಕೇಳಿಲ್ಲ.

ವಿಷಯ ಇಷ್ಟು. ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ ಪುಟ್ಟಸ್ವಾಮಿಯವರು ಯಾರ ಮನೆಯಿಂದ ಎಷ್ಟು ಹಾಲು ಬಂತು ಎನ್ನುವ ಪಟ್ಟಿಯನ್ನು ಇಲ್ಲಿಯವರೆಗೆ ಮಳವಳ್ಳಿಯಲ್ಲಿ ಪ್ರಿಂಟು ಮಾಡಿಸುತ್ತಿದ್ದರು. ಹೊಸ ವರ್ಷದಿಂದ ಆ ಕೆಲಸ ನನಗೇ ಕೊಡುತ್ತಾರಂತೆ. ಮಧ್ಯೆ ಕಾರ್ಬನ್ ಇಟ್ಟು ಒಂದೇ ಏಟಿಗೆ ಮೂರು ಪ್ರತಿ ಬರಬೇಕು. ಈಗಿನ ಪ್ರಿಂಟರುಗಳು ಮಸಿ ಚೆಲ್ಲುತ್ತವೆಯೇ ಹೊರತು ಗುದ್ದುವುದಿಲ್ಲ. ಗುದ್ದುವುದು ನಿನ್ನ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ. ನೀನು ಮಳವಳ್ಳಿಯ ಟೈಪಿಂಗ್ ಅಂಗಡಿ ಖಾಲಿ ಮಾಡಿದಾಗ ಪಕ್ಕದ ಕೆಂಪರಾಜಣ್ಣನ ಜೆರಾಕ್ಸ್ ಅಂಗಡಿಯ ಅಟ್ಟಕ್ಕೆ ಹಾಕಿದ್ದೆಯಲ್ಲ, ಅದನ್ನು ಪುಟ್ಟಸ್ವಾಮಿಯವರು ಹಾಲಿನ ಗಾಡಿಯಲ್ಲಿ ತಂದುಕೊಟ್ಟರು. "ಮನೇಲೇ ಕುಂತ್ಕೊಂಡು ಮಾಡೋದಾದ್ರೆ ಮಾಡ್ಲಿ" ಎಂದು ಇವರೂ ತಲೆಯಾಡಿಸಿದರು.

ಈಗ ತೊಂದರೆ ಕೇಳು. ಪ್ರಿಂಟರಿನ ಕೇಬಲ್ಲಿನ ಬಾಯಿ ಅಂಗೈ ಅಗಲ ಇದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಬೆರಳ ತುದಿಯಷ್ಟು ತೂತು. ಮಳವಳ್ಳಿಯ ಕಂಪ್ಯೂಟರ್ ಅಂಗಡಿಯವನು ಫೋಟೋ ನೋಡಿಯೇ ಗುಜರಿಗೆ ಹಾಕಿ ಅಂದನಂತೆ. ನಿನ್ನ ಯಂತ್ರವನ್ನು ಅವನು ಹಾಗಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಏನು ಮಾಡಲಿ, ಬರಿ.

ನಿನ್ನ ಮಗಳು
ರಂಜಿತ


ಮಂಡ್ಯ
೧೭ ಆಗಸ್ಟ್ ೨೦೨೫

ಮಗಳು ರಂಜಿತಳಿಗೆ, ಹಾಗೂ ಇದನ್ನು ಅವಳಿಗಿಂತ ಮೊದಲು ಓದುವ ಅಳಿಯಂದಿರು ಮಹದೇವು ಅವರಿಗೆ,

ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ. ನನ್ನ ಕಾಲಿನ ವಿಷಯ ನೀನು ಕೇಳಿಲ್ಲ, ಆದ್ದರಿಂದ ನಾನೂ ಹೇಳುವುದಿಲ್ಲ. ಪ್ರಿಂಟರಿಗೆ ಸಂಬಂಧಪಟ್ಟಷ್ಟು ಹೇಳುತ್ತೇನೆ. ನಾನಿರುವ ಮಗ ಸ್ವರೂಪನ ಮನೆ ಎರಡನೇ ಮಹಡಿಯಲ್ಲಿದೆ. ಲಕ್ವ ಹೊಡೆದ ಮೇಲೆ ನಾನು ಮೆಟ್ಟಿಲು ಇಳಿದಿಲ್ಲ. ಹಾಗಾಗಿ ನಾನೇ ಬಂದು ಜೋಡಿಸಿಕೊಡುವ ಹಾಗಿಲ್ಲ. ಕಿವಿ ಪೂರ್ತಿ ಹೋಗಿದೆ, ಹಾಗಾಗಿ ಫೋನಿನಲ್ಲಿ ಹೇಳಿಕೊಡುವ ಹಾಗೂ ಇಲ್ಲ. ಡಾಕ್ಟರು ವಯಸ್ಸು ಅನ್ನುತ್ತಾರೆ. ಆ ಪ್ರಿಂಟರಿನ ಸದ್ದಿಗೇ ಹೋಯಿತು ಅನ್ನುತ್ತೇನೆ ನಾನು.

ಅಳಿಯಂದಿರೇ, ಮದ್ದೂರಿನ ಛತ್ರದಲ್ಲಿ ಸ್ವರೂಪನ ಮದುವೆಯ ಬೀಗರ ಊಟದ ದಿನ ನಿಮ್ಮ ಕಡೆಯವರು ಕೊನೆಯ ಪಂಕ್ತಿಗೆ ಕೂತದ್ದು, ಎಲೆಗೆ ಮಾಂಸದ ತುಂಡಿಲ್ಲದೆ ಬರೀ ಸಾರು ಬಿದ್ದದ್ದು, ನೀವು ಎಲೆ ಮಡಚಿ ಎದ್ದದ್ದು, ಆಮೇಲೆ ಸ್ವರೂಪ ಬಾಯಿಗೆ ಬಂದದ್ದು ಆಡಿದ್ದು, ಇದನ್ನೆಲ್ಲ ನಾನು ಎತ್ತಬಾರದು. ಎತ್ತಿದ್ದೇನೆ. ಪ್ರಿಂಟರಿನ ವಿಷಯಕ್ಕೆ ಬರುತ್ತೇನೆ.

ರಂಜಿತ, ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ನಮ್ಮ ಪ್ರಿಂಟರಿನ ಅಗಲ ಬಾಯಿ ಇರುವ ಕೇಬಲ್ ಸಿಗುತ್ತದೆ. ಅದನ್ನು ತರಿಸು. ಸಿಕ್ಕಿಸಿದ ತಕ್ಷಣ ಕಂಪ್ಯೂಟರು ಗುರುತು ಹಿಡಿಯುತ್ತದೆ ಎಂದು ಕಾಯಬೇಡ. ಅದು ಹಿಡಿಯುವುದಿಲ್ಲ. ಪ್ರಿಂಟರನ್ನು ನೀನೇ ಕೈಯಾರೆ ಸೇರಿಸಬೇಕು. ಪೋರ್ಟ್ ಯಾವುದು ಎಂದು ಕೇಳಿದಾಗ ಯುಎಸ್‌ಬಿ ಎಂದು ಬರುವುದನ್ನು ಆರಿಸು. ಪ್ರಿಂಟರಿನ ಹೆಸರು ಕೇಳಿದಾಗ ಸದ್ಯಕ್ಕೆ ಬರೀ ಅಕ್ಷರ ಬರೆಯುವ ಸಾಧಾರಣ ಪ್ರಿಂಟರು ಎನ್ನುವುದನ್ನು ಒತ್ತು.

ಆದದ್ದನ್ನು ಬರಿ. ಆಗದ್ದನ್ನೂ ಬರಿ.

ನಿನ್ನ ಅಪ್ಪ
ಚಲುವರಾಜು


ಬೆಳಕವಾಡಿ
೯ ಸೆಪ್ಟೆಂಬರ್ ೨೦೨೫

ಅಪ್ಪನಿಗೆ,

ಕೇಬಲ್ ಬಂತು. ಇವರೇ ಆರ್ಡರ್ ಮಾಡಿ ತರಿಸಿಕೊಟ್ಟರು. ನಿನ್ನ ಕಾಗದ ಓದಿದ ದಿನ ಮಾತ್ರ ಊಟ ಮಾಡದೆ ಗದ್ದೆಯ ಕಡೆ ಹೋಗಿಬಿಟ್ಟರು. ಬಂದ ಮೇಲೆ "ನಿಮ್ಮಪ್ಪ ಬರಿಯೋದ್ರಲ್ಲಿ ಗಟ್ಟಿಗ" ಎಂದರು, ಅಷ್ಟೇ.

ಪ್ರಿಂಟರು ಓಡಿತು! ಇಂಗ್ಲಿಷಿನಲ್ಲಿ ನಾಲ್ಕು ಸಾಲು ಕೊಟ್ಟೆ, ಕಿರ್ರೋ ಎಂದು ಹೊಡೆಯಿತು. ಆ ಸದ್ದಿಗೆ ನಾನು ಮಳವಳ್ಳಿಯಲ್ಲಿ ತಾಲ್ಲೂಕು ಕಚೇರಿ ಎದುರಿನ ನಮ್ಮ ಅಂಗಡಿಯಲ್ಲೇ ನಿಂತ ಹಾಗಾಯಿತು. ಆದರೆ ಡೈರಿಯ ಪಟ್ಟಿ ಕನ್ನಡದಲ್ಲಲ್ಲವೇ? ಕನ್ನಡ ಕೊಟ್ಟರೆ ಹಾಳೆ ತುಂಬ ಪ್ರಶ್ನೆ ಚಿಹ್ನೆ. ಅತ್ತೆ ಹಾಳೆ ಎತ್ತಿ ನೋಡಿ, "ಇದೇನವ್ವ, ಬರೀ ಕುಡ್ಲು ಕುಡ್ಲಾಗಿ ಬತ್ತಾವೆ?" ಅಂದರು. ನಿಜವಾಗಿಯೂ ಸಾಲಾಗಿ ಕುಡುಗೋಲು ಜೋಡಿಸಿಟ್ಟ ಹಾಗೇ ಇತ್ತು.

ಈ ಮನೆಯಲ್ಲಿ ಪ್ರಿಂಟರಿಗಾದರೂ ಪ್ರಶ್ನೆ ಕೇಳುವ ಧೈರ್ಯವಿದೆ. ಬರೆಯುವಾಗಲೇ ಇಣುಕಿ ಓದಿ, ಈ ಸಾಲನ್ನು ಹೊಡೆದುಹಾಕು ಎಂದು ಇವರು ಹೇಳಿದರು. ಪೆನ್ನಿನಲ್ಲಿ ಬರೆದದ್ದು, ಹೊಡೆದರೆ ಗಲೀಜು ಕಾಣುತ್ತದೆ ಅಂದೆ. ಬಿಟ್ಟಿದ್ದಾರೆ.

ಕನ್ನಡ ಬರಲು ಏನು ಮಾಡಬೇಕು?

ನಿನ್ನ ಮಗಳು
ರಂಜಿತ


ಮಂಡ್ಯ
೧೫ ಸೆಪ್ಟೆಂಬರ್ ೨೦೨೫

ಮಗಳು ರಂಜಿತಳಿಗೆ,

ಪ್ರಶ್ನೆ ಚಿಹ್ನೆ ಬಂದದ್ದು ಒಳ್ಳೆಯದೇ ಆಯಿತು. ಕೇಬಲ್ ಸರಿಯಿದೆ, ಯಂತ್ರ ಸರಿಯಿದೆ, ಭಾಷೆ ಮಾತ್ರ ಹೊಂದುತ್ತಿಲ್ಲ ಎಂದು ಅರ್ಥ. ಆ ಪ್ರಿಂಟರಿಗೆ ಈಗಿನ ಕನ್ನಡ ಅಕ್ಷರಗಳ ಪರಿಚಯವಿಲ್ಲ. ಅಕ್ಷರವೆಂದು ಕಳಿಸಿದರೆ ಅದು ಕಂಗಾಲಾಗುತ್ತದೆ. ಚಿತ್ರವೆಂದು ಕಳಿಸಿದರೆ ಚುಕ್ಕೆ ಚುಕ್ಕೆ ಇಟ್ಟು ಬರೆಯುತ್ತದೆ.

ನಮ್ಮ ಪ್ರಿಂಟರಿನ ಹೆಸರು ಹೊಸ ಕಂಪ್ಯೂಟರಿನ ಪಟ್ಟಿಯಲ್ಲಿ ಇಲ್ಲ, ಅದರ ಕಾಲ ಮುಗಿದಿದೆ. ಆದರೆ ಅದೇ ಮಾತು ತಿಳಿಯುವ, ಅಷ್ಟೇ ಸೂಜಿಗಳಿಂದ ಗುದ್ದುವ ಬೇರೊಂದು ಪ್ರಿಂಟರಿನ ಹೆಸರು ಪಟ್ಟಿಯಲ್ಲಿದೆ. ಚೀಟಿಯಲ್ಲಿ ಬೇರೆಯಾಗಿ ಬರೆದು ಇಟ್ಟಿದ್ದೇನೆ. ಆ ಹೆಸರಿನಲ್ಲಿ ಸೇರಿಸು. ನಿಧಾನವಾಗಿ ಓಡುತ್ತದೆ. ಆದರೆ ಕನ್ನಡ ಬರುತ್ತದೆ.

ನೀನು ಸದ್ದಿನ ವಿಷಯ ಬರೆದದ್ದನ್ನು ಎರಡು ಸಲ ಓದಿದೆ. ನನಗೆ ಈಗ ಅದು ಕೇಳುವುದಿಲ್ಲ. ಆದರೂ ಪ್ರಿಂಟರು ಇಟ್ಟ ಮೇಜಿನ ಮೇಲೆ ಅಂಗೈ ಊರಿದರೆ ಗೊತ್ತಾದೀತು. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿಟಕಿಯೇ ನನಗೆ ಊರು. ಸ್ವರೂಪನೂ ಸೊಸೆ ದೀಪಿಕಳೂ ಕೆಲಸಕ್ಕೆ ಹೋದ ಮೇಲೆ ಮೇಜಿನ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತೇನೆ. ಇದು ಪ್ರಿಂಟರಿನ ವಿಷಯವೇ ಎಂದು ಅಳಿಯಂದಿರು ದಯವಿಟ್ಟು ತಿಳಿಯಬೇಕು.

ನಿನ್ನ ಅಪ್ಪ
ಚಲುವರಾಜು


ಬೆಳಕವಾಡಿ
೬ ಅಕ್ಟೋಬರ್ ೨೦೨೫

ಅಪ್ಪನಿಗೆ,

ಬರೆಯುವುದು ತಡವಾಯಿತು. ಗದ್ದೆ ಕೆಲಸ, ಹಬ್ಬದ ಕೆಲಸ, ಕಂಪ್ಯೂಟರ್ ಮುಟ್ಟಲು ಬಿಡುವಾಗಲಿಲ್ಲ.

ಆಯುಧಪೂಜೆಗೆ ಟ್ರ್ಯಾಕ್ಟರು, ಪಂಪ್‌ಸೆಟ್ಟಿನ ಮೋಟರು, ಕುಡುಗೋಲು, ಮಚ್ಚು ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದೆವು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅತ್ತೆ ಪ್ರಿಂಟರಿನ ಕೇಬಲ್ ಬಿಚ್ಚಿ, ಅದನ್ನೂ ಎತ್ತಿ ತಂದು ಟ್ರ್ಯಾಕ್ಟರಿನ ಪಕ್ಕ ಇಟ್ಟಿದ್ದರು. ಹಿಂದೆ ಮುಂದೆ ಎಲ್ಲ ಗಂಧ ಕುಂಕುಮ ಇಟ್ಟು, ಹೂವು ಮುಡಿಸಿ, "ನಮ್ಮನೆ ಸೊಸೆ ದುಡಿಯೋ ಯಂತ್ರ ಕಣಪ್ಪ, ಕಾಪಾಡು" ಎಂದು ಕೈಮುಗಿದರು. ನನ್ನದು ಎನ್ನುವ ಒಂದು ವಸ್ತುವನ್ನು ಈ ಮನೆಯವರು ತಮ್ಮ ಸಾಲಿನಲ್ಲಿ ಇಟ್ಟದ್ದು ಇದೇ ಮೊದಲು. ನಾನೂ ಪಕ್ಕದಲ್ಲಿ ನಿಂತು ಕೈಮುಗಿದೆ.

ಹಬ್ಬ ಕಳೆದ ಮೇಲೆ ನೀನು ಬರೆದ ಹೆಸರಿನಲ್ಲಿ ಪ್ರಿಂಟರು ಸೇರಿಸಿದೆ. ಸೇರಿಕೊಂಡಿತು. ಆದರೆ ಈಗ ಏನೂ ಬರುವುದಿಲ್ಲ. ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ, ಕುಡುಗೋಲೂ ಇಲ್ಲ. ಹಸಿರು ದೀಪ ಉರಿಯುತ್ತದೆ, ಯಂತ್ರ ಕಲ್ಲಿನ ಹಾಗೆ ಕೂತಿದೆ. ಹಳೇ ಹೆಸರಿಗೇ ತಿರುಗಿಸಿ ನೋಡಿದೆ, ಆಗಲೂ ಇಲ್ಲ.

ಪುಟ್ಟಸ್ವಾಮಿಯವರು ಡಿಸೆಂಬರಿನ ಒಳಗೆ ಒಂದು ಪಟ್ಟಿ ಮಾದರಿಗೆ ತೋರಿಸು ಅಂದಿದ್ದಾರೆ. ತೋರಿಸದಿದ್ದರೆ ಕೆಲಸ ಮಳವಳ್ಳಿಯಲ್ಲೇ ಉಳಿಯುತ್ತದೆ. ಇವರು, "ಆಗಲ್ಲ ಅಂದ್ರೆ ಗುಜರಿಯವ್ನಿಗೆ ಕೊಟ್ಬುಡು, ಆಮ್ಯಾಕೆ ಕೆಲ್ಸ ಗಿಲ್ಸ ಅನ್ಬ್ಯಾಡ" ಎಂದಿದ್ದಾರೆ. ಹೇಗಾದರೂ ಮಾಡಿ ದಾರಿ ತೋರಿಸು.

ನಿನ್ನ ಮಗಳು
ರಂಜಿತ


ಮಂಡ್ಯ
೧೨ ಅಕ್ಟೋಬರ್ ೨೦೨೫

ಮಗಳು ರಂಜಿತಳಿಗೆ,

ಹೆದರಬೇಡ. ಒಂದು ಪರೀಕ್ಷೆ ಮಾಡು. ಕೇಬಲ್ ಪೂರ್ತಿ ಬಿಚ್ಚು. ಹಾಳೆ ಹಾಕು. ಹಾಳೆ ಮೇಲೇರಿಸುವ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪ್ರಿಂಟರಿನ ಸ್ವಿಚ್ ಹಾಕು. ಕಂಪ್ಯೂಟರಿನ ಹಂಗಿಲ್ಲದೆ ತಾನೇ ತನ್ನ ಅಕ್ಷರಗಳನ್ನೆಲ್ಲ ಬರೆದು ತೋರಿಸಬೇಕು. ಬರೆದರೆ ಯಂತ್ರಕ್ಕೆ ಜೀವವಿದೆ, ತೊಂದರೆ ಇರುವುದು ಅದಕ್ಕೆ ಮಾತು ಮುಟ್ಟುವ ದಾರಿಯಲ್ಲಿ. ಬರೆಯದಿದ್ದರೆ ಬೇರೆ ಯೋಚಿಸೋಣ.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಯಂತ್ರಕ್ಕೆ ಕೈಮುಗಿದದ್ದನ್ನು ಓದಿ ನಾನೂ ಇಲ್ಲಿಂದಲೇ ಕೈಮುಗಿದೆ.

ನಿನ್ನ ಅಪ್ಪ
ಚಲುವರಾಜು


ಬೆಳಕವಾಡಿ
೨೭ ಅಕ್ಟೋಬರ್ ೨೦೨೫

ಅಪ್ಪನಿಗೆ,

ಬರೆಯಿತು! ಗುಂಡಿ ಒತ್ತಿ ಸ್ವಿಚ್ ಹಾಕಿದೆ, ತನ್ನ ಪಾಡಿಗೆ ತಾನು ಪುಟಗಟ್ಟಲೆ ಬರೆಯಿತು. ನಿಲ್ಲಿಸಲು ನಾನೇ ಸ್ವಿಚ್ ಆರಿಸಬೇಕಾಯಿತು. ಕೇಬಲ್ ಹಾಕಿ ಕಂಪ್ಯೂಟರಿನಿಂದ ಕೊಟ್ಟರೆ ಮತ್ತೆ ಅದೇ ಮೌನ. ಕೇಬಲ್ ಕೆಟ್ಟಿದೆಯೇನೋ ಎಂದು ಇವರು ಇನ್ನೊಂದು ತರಿಸಿದರು. ಅದರಲ್ಲೂ ಇಲ್ಲ.

ದೀಪಾವಳಿ ಆಯಿತು. ಬೀದಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಬಂದರು. ನಾನು ಮನೆಯಲ್ಲೇ ಕೂತು ಪ್ರಿಂಟರಿನ ಮೇಲಿನ ಧೂಳು ಒರೆಸಿದೆ. ಇದೂ ಪ್ರಿಂಟರಿನ ವಿಷಯವೇ.

ಅತ್ತೆ ನನ್ನನ್ನೇ ನೋಡುತ್ತಿದ್ದರು. "ನಾನು ಪೂಜೆ ಮಾಡ್ದಾಗಿಂದ ಹಿಂಗಾಯ್ತಲ್ಲವ್ವ, ನನ್ ಕೈಗುಣ ಸರೀಗಿಲ್ವೇನೋ" ಎಂದು ಪೇಚಾಡಿಕೊಂಡರು. ಹಾಗೆಲ್ಲ ಅನ್ನಬೇಡಿ ಅಂದೆ.

ಮುಂದೇನು?

ನಿನ್ನ ಮಗಳು
ರಂಜಿತ


ಮಂಡ್ಯ
೨ ನವೆಂಬರ್ ೨೦೨೫

ಮಗಳು ರಂಜಿತಳಿಗೆ,

ನಿನ್ನ ಕಾಗದ ಓದಿ ಒಂದು ದಿನ ಪೂರ್ತಿ ಯೋಚಿಸಿದೆ. ಇದು ಕಾಗದದಲ್ಲಿ ಸರಿಹೋಗುವ ತೊಂದರೆಯಲ್ಲ. ಯಂತ್ರ ನನ್ನ ಕಣ್ಣ ಮುಂದೆ ಬರಬೇಕು. ಅದರ ಜೊತೆಗೆ ಕಂಪ್ಯೂಟರೂ ಬರಬೇಕು, ಅದನ್ನು ನಡೆಸುವ ನೀನೂ ಬರಬೇಕು. ಇದನ್ನು ಮನೆಯಲ್ಲಿ ಓದಿ ಹೇಳು.

ನಿನ್ನ ಅಪ್ಪ
ಚಲುವರಾಜು


ಬೆಳಕವಾಡಿ
೮ ನವೆಂಬರ್ ೨೦೨೫

ಮಾವನವರಿಗೆ ಮಹದೇವು ಮಾಡುವ ನಮಸ್ಕಾರಗಳು.

ಕಾಗದ ತಲುಪಿತು. ಈ ತಿಂಗಳ ಕೊನೆಯ ಶನಿವಾರ ಮಂಡ್ಯಕ್ಕೆ ಹೋಗುವ ಗಾಡಿಯಲ್ಲಿ ಪ್ರಿಂಟರ್ ಮತ್ತು ಲ್ಯಾಪ್‌ಟಾಪ್ ಕಳಿಸುತ್ತೇನೆ. ಡ್ರೈವರ್ ಮಹಡಿಯ ಮೇಲಕ್ಕೇ ತಂದುಕೊಡುತ್ತಾನೆ. ಸರಿಮಾಡಿ ಕಳಿಸಿ. ರಂಜಿತ ಬರುವ ಅವಶ್ಯಕತೆ ಇಲ್ಲ.

ನಿಮ್ಮ ಮೇಲೆ ನನಗೆ ಏನೂ ಇಲ್ಲ. ಸಿಟ್ಟು ಇರುವುದೆಲ್ಲ ಆ ಸ್ವರೂಪನ ಹೊಸ್ತಿಲ ಮೇಲೆ.

ಇಂತಿ
ಮಹದೇವು


ಮಂಡ್ಯ
೧೩ ನವೆಂಬರ್ ೨೦೨೫

ಅಳಿಯಂದಿರು ಮಹದೇವು ಅವರಿಗೆ ಚಲುವರಾಜು ಮಾಡುವ ಆಶೀರ್ವಾದಗಳು.

ದಯವಿಟ್ಟು ಯಂತ್ರವನ್ನು ಗಾಡಿಯಲ್ಲಿ ಹಾಕಬೇಡಿ. ಕುಲುಕಾಟಕ್ಕೆ ಅಕ್ಷರ ಗುದ್ದುವ ಅದರ ತಲೆ ಕದಲುತ್ತದೆ, ಒಮ್ಮೆ ಕದಲಿದರೆ ಬ್ರಹ್ಮನಿಂದಲೂ ಕೂರಿಸಲಾಗದು. ತೊಡೆಯ ಮೇಲೆ ಇಟ್ಟುಕೊಂಡು, ಎರಡು ಕೈಯಲ್ಲಿ ಹಿಡಿದೇ ತರಬೇಕು. ಅದೂ ಅಲ್ಲದೆ ಆ ಕಂಪ್ಯೂಟರಿನ ಒಳಗಿನದನ್ನೆಲ್ಲ ಜೋಡಿಸಿದವಳು ರಂಜಿತ. ಅವಳು ಕೀ ಒತ್ತುವ ಹೊತ್ತಿಗೇ ನಾನು ಸೂಜಿ ನೋಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಹರೆಯದಿಂದ ಈ ಕೆಲಸ ಮಾಡಿದವನು ನಾನು, ಗೊತ್ತಿದ್ದೇ ಹೇಳುತ್ತಿದ್ದೇನೆ.

ಊಟ ಉಪಚಾರದ ಮಾತು ನಾನು ಎತ್ತುವುದಿಲ್ಲ. ಅವಳು ಬರುವ ದಿನ ಸ್ವರೂಪ ಮನೆಯಲ್ಲಿರುವುದಿಲ್ಲ. ಕೆಲಸ ಮುಗಿದ ಕೂಡಲೇ ಕಳಿಸಿಕೊಡುತ್ತೇನೆ. ಇದಕ್ಕಿಂತ ಹೆಚ್ಚಿಗೆ ಬೇಡಲು ನನಗೆ ಬರುವುದಿಲ್ಲ.

ಇಂತಿ ನಿಮ್ಮ ಮಾವ
ಚಲುವರಾಜು


ಬೆಳಕವಾಡಿ
೨೪ ನವೆಂಬರ್ ೨೦೨೫

ಅಪ್ಪ,

ಈ ಕಾಗದವನ್ನು ಯಾರೂ ಓದಿಲ್ಲ. ಸಂಜೆ ಹಾಲು ಹಾಕಲು ಹೋದಾಗ ಪುಟ್ಟಸ್ವಾಮಿಯವರ ಕೈಗೆ ಕೊಡುತ್ತೇನೆ. ಮಳವಳ್ಳಿಯಲ್ಲಿ ಅಂಚೆಗೆ ಹಾಕುತ್ತಾರೆ.

ಮೊದಲು ಹೇಳು, ನಿನ್ನ ಕಾಲು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ದೀಪಿಕ ನಿನ್ನ ಜೊತೆ ಕೂತು ಎರಡು ಮಾತಾಡುತ್ತಾಳಾ? ನಿನಗೆ ಕೇಳಿಸದಿದ್ದರೂ ಪರವಾಗಿಲ್ಲ, ಎದುರಿಗೆ ಕೂರಬೇಕು. ಲಕ್ವ ಹೊಡೆದ ಸುದ್ದಿ ಬಂದ ದಿನ ನಾನು ಸೀರೆ ಉಟ್ಟು ಬಾಗಿಲವರೆಗೂ ಬಂದಿದ್ದೆ. ಇವರು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಬೈಯಲೂ ಇಲ್ಲ. "ಅಲ್ಲಿಗ್ ಓದ್ರೆ ಅಲ್ಲೇ ಇದ್ಬುಡು" ಅಂದರು. ಅಷ್ಟು ಸಾಕಾಯಿತು. ನಾನು ಒಳಗೆ ಹೋಗಿ ಸೀರೆ ಬದಲಾಯಿಸಿದೆ. ಅವತ್ತಿನಿಂದ ಈ ಮನೆಯ ಗೋಡೆ ನನ್ನ ಮೈಗೆ ತಾಗಿಕೊಂಡೇ ಇದೆ.

ನಿನ್ನ ಹಿಂದಿನ ಕಾಗದವನ್ನು ಇವರು ನಡುಮನೆಯಲ್ಲಿ ಜೋರಾಗಿ ಓದಿದರು. "ತಲೆ ಕದಲುತ್ತದೆ" ಎನ್ನುವಾಗ ನಾನು ಒಲೆಯ ಕಡೆ ತಿರುಗಿಕೊಂಡೆ. ಅದೇ ಪ್ರಿಂಟರನ್ನು ನೀನು ಸೈಕಲ್ ಕ್ಯಾರಿಯರಿಗೆ ಹಗ್ಗ ಬಿಗಿದು ಮಳವಳ್ಳಿ ಬೀದಿಯಲ್ಲೆಲ್ಲ ಕುಣಿಸಿಕೊಂಡು ತಂದವನು. ಯಾವತ್ತೂ ಸುಳ್ಳು ಹೇಳದ ಅಪ್ಪ ಇವತ್ತು ಯಾಕೆ ಹೇಳಿದ ಎಂದು ಯೋಚಿಸಿದೆ. ಯೋಚಿಸುತ್ತಿರುವಾಗಲೇ ನೆನಪಾಯಿತು. ಅಂಗಡಿಯಲ್ಲಿ ಆಯುಧಪೂಜೆ ದಿನ ನೀನು ಪ್ರಿಂಟರಿನ ಬೆನ್ನಿಗೆ ಹಾಲಿನ ಕವರು ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆ. ಯಾಕಪ್ಪ ಎಂದು ಕೇಳಿದರೆ, "ಗಂಧ ಒಳಿಕ್ ಓದ್ರೆ ಇದು ಮೂಗ ಆಯ್ತದೆ ಕಣವ್ವ" ಅನ್ನುತ್ತಿದ್ದೆ.

ಇವರು ಗದ್ದೆಗೆ ಹೋದ ಮೇಲೆ ಪ್ರಿಂಟರು ತಿರುಗಿಸಿ ಟಾರ್ಚ್ ಬಿಟ್ಟೆ. ಕೇಬಲ್ ಸಿಕ್ಕಿಸುವ ಬಾಯಿಯ ತುಂಬ ಗಂಧ ಒಣಗಿ ಕೂತಿತ್ತು. ಅತ್ತೆ ಭಕ್ತಿಯಿಂದ ಬೆರಳು ಒತ್ತಿ ಇಟ್ಟಿದ್ದಾರೆ. ಕಡ್ಡಿಯಲ್ಲಿ ಕೆರೆದೆ, ಹಳೇ ಬ್ರಷ್ಷಿಗೆ ಸ್ಪಿರಿಟ್ ಹಾಕಿ ಉಜ್ಜಿದೆ, ಬಿಸಿಲಿಗೆ ಇಟ್ಟು ಒಣಗಿಸಿದೆ. ಕೇಬಲ್ ಹಾಕಿ ಡೈರಿಯ ಪಟ್ಟಿ ಕೊಟ್ಟೆ. ಬಂತು ಅಪ್ಪ. ಕನ್ನಡದಲ್ಲಿ ಬಂತು. ಮಧ್ಯೆ ಕಾರ್ಬನ್ ಇಟ್ಟಿದ್ದೆ. ಮೂರನೇ ಪ್ರತಿಯಲ್ಲೂ ಒತ್ತಕ್ಷರ ಓದಲು ಬರುತ್ತಿತ್ತು.

ನನಗೆ ಎಷ್ಟು ಖುಷಿಯಾಯಿತೆಂದರೆ, ಹಾಳೆ ಎದೆಗೆ ಒತ್ತಿಕೊಂಡು ನಿಂತೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತೆ. ಪ್ರಿಂಟರು ಸರಿಹೋಯಿತು ಎಂದರೆ ಮುಂದೆ ನಿನಗೆ ಕಾಗದ ಬರೆಯಲು ನೆಪ ಎಲ್ಲಿದೆ? ನಿನ್ನ ಹತ್ತಿರ ಬರಲು ದಾರಿ ಎಲ್ಲಿದೆ? ಮನೆಯಲ್ಲೇ ಕೆಲಸ ಸಿಕ್ಕಿತಲ್ಲ, ಇನ್ನು ಹೊಸ್ತಿಲು ದಾಟುವ ಮಾತು ಯಾಕೆ ಎನ್ನುತ್ತಾರೆ. ನನ್ನ ಬಿಡುಗಡೆಗೆ ಎಂದು ತರಿಸಿಕೊಂಡ ಯಂತ್ರ ನನ್ನನ್ನು ಇಲ್ಲೇ ಕಟ್ಟಿಹಾಕುತ್ತದೆ ಎನ್ನುವುದು ಆಗ ಕಂಡಿತು. ನಿನಗೆ ಇದು ಮೊದಲೇ ಗೊತ್ತಿತ್ತು. ಆಯುಧಪೂಜೆಯ ಕಾಗದ ಓದಿದ ದಿನವೇ ನಿನಗೆ ಗಂಧದ ವಿಷಯ ಹೊಳೆದಿರಬೇಕು. ಹೊಳೆದೂ ಬರೆಯಲಿಲ್ಲ.

ಆ ಮೂರು ಪ್ರತಿಗಳನ್ನೂ ಒಲೆಗೆ ಹಾಕಿದೆ. ದೇವರ ಮನೆಯಿಂದ ಗಂಧದ ಕೊರಡು, ಸಾಣೆಕಲ್ಲು ತಂದು ತೇಯಲು ಕೂತೆ. ಮಂದವಾಗಿ ತೇದು, ಬೆರಳಿನಿಂದ ತೆಗೆದು, ಪ್ರಿಂಟರಿನ ಬಾಯಿಗೆ ಮೊದಲು ಹೇಗಿತ್ತೋ ಹಾಗೇ ತುಂಬುತ್ತಿದ್ದೆ. ತಲೆಯೆತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ.

ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಪ್ರಿಂಟರಿನ ಸದ್ದು ಬೀದಿಗೆಲ್ಲ ಕೇಳುವಂಥದ್ದು, ಅವರಿಗೆ ಕೇಳದೆ ಇರುತ್ತದೆಯೇ?

"ಏನವ್ವ, ಇನ್ನೊಂದ್ಸತಿ ಪೂಜೆಯಾ?" ಅಂದರು.

"ಊಂ ಅತ್ತೆ" ಅಂದೆ. ಗಂಧದ ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

ಹತ್ತಿರ ಬಂದು ಕೂತರು. ಬಗ್ಗಿ ನೋಡಿದರು. "ಬರೀ ಗಂಧ ಆದ್ರೆ ಒಣಗಿ ಉದುರೋಯ್ತದೆ. ಒಸಿ ಕುಂಕುಮಾನೂ ಕಲ್ಸಿ ಮಡಗು" ಅಂದರು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿ, "ನಮ್ಮಪ್ಪ ಸತ್ತಾಗ 'ನಾಳಿಕ್ ಓಗುವಂತೆ, ಇವತ್ತು ನಾಟಿ ಅದೆ' ಅಂದ್ರು ಕಣವ್ವ ಈ ಮನೇರು. ನಾಳಿಕ್ ಓದೆ. ಮಣ್ಣಾಗಿತ್ತು" ಅಂದರು. ನಾನು ಈ ಮನೆಗೆ ಬಂದ ಮೂರು ವರ್ಷದಲ್ಲಿ ಅವರು ತಮ್ಮ ತವರಿನ ಮಾತು ಎತ್ತಿದ್ದನ್ನು ನಾನು ಕೇಳಿರಲಿಲ್ಲ.

ಅವತ್ತು ಸಂಜೆ ಮಗನ ಮುಂದೆ ಕೂತು, "ಯಂತ್ರಾನ ತೊಡೆ ಮ್ಯಾಲೆ ಮಡಿಕ್ಕಂಡು ನಾನು ಓಯ್ತೀನಿ. ಇವ್ಳು ನನ್ ಜೊತೆ ಬತ್ತಾಳೆ. ನಾನೇನು ಬೀಗರೂಟಕ್ ಓಯ್ತಾ ಇಲ್ಲ, ರಿಪೇರಿಗ್ ಓಯ್ತಾ ಇವ್ನಿ. ಬ್ಯಾಡ ಅನ್ನಂಗಿದ್ರೆ ನಂಗ್ ಹೇಳ್ಲಾ, ಅವ್ಳಿಗಲ್ಲ" ಎಂದರು. ಇವರು ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರು. ಕೊನೆಗೆ ಒಪ್ಪಿದರು, ಕಟ್ಟುಪಾಡು ಹಾಕಿ. ಆ ಮನೆಯಲ್ಲಿ ನೀರೂ ಮುಟ್ಟಬಾರದು. ಬುತ್ತಿ ಇಲ್ಲಿಂದಲೇ ಕಟ್ಟಿಕೊಂಡು ಹೋಗಬೇಕು. ಸಂಜೆಯ ಬಸ್ಸಿಗೆ ವಾಪಸ್ಸು ಬರಬೇಕು. ಪ್ರಿಂಟರು ಅದಕ್ಕೆ ಮೊದಲೇ ಸರಿಹೋದರೆ ಮೊದಲೇ ಹೊರಡಬೇಕು.

ಭಾನುವಾರ, ಮೂವತ್ತನೇ ತಾರೀಕು, ಬರುತ್ತೇವೆ. ನಿನಗಿಷ್ಟವಾದ ಅವರೆಕಾಳು ಹುಳಿ, ಮುದ್ದೆ ನಾನು ತರುತ್ತೇನೆ. ನಮ್ಮ ಬುತ್ತಿಯನ್ನು ನೀನು ಉಣ್ಣಬಾರದು ಎಂದು ಯಾರೂ ಹೇಳಿಲ್ಲ. ಮೇಜು ಖಾಲಿ ಮಾಡಿಸಿ ಇಡು. ಪ್ರಿಂಟರು ಓಡುವಾಗ ನಿನ್ನ ಅಂಗೈಯನ್ನು ನಾನೇ ಅದರ ಮೇಲೆ ಊರಿಸುತ್ತೇನೆ.

ಒಂದೇ ಒಂದು ಮಾತು. ಗಂಧ ಕೆರೆಯಲು ನಿನಗೆ ಹತ್ತು ನಿಮಿಷ ಸಾಕು ಎಂದು ನನಗೆ ಗೊತ್ತು. ಬೇಗ ಸರಿಮಾಡಬೇಡ ಅಪ್ಪ.

ನಿನ್ನ ಮಗಳು
ರಂಜಿತ